ಅಪೊಲೋನಿಯಾಳ ಮೀಸಲು ಪತ್ರ

1787 ಅಕ್ಟೋಬರ್ 11, ಗುರುವಾರ

ಕಾಸ್ಪರನ ಪಂಚಾಂಗದಲ್ಲಿ ಬರೆಯುತ್ತಿದ್ದೇನೆ. ಗಂಡನ ಪುಸ್ತಕಕ್ಕೆ ಹೆಂಡತಿ ಕೈ ಹಾಕುವುದು ಸರಿಯೋ ತಪ್ಪೋ ಗೊತ್ತಿಲ್ಲ. ಆದರೆ ಆತ ಆಗಸ್ಟಿನಲ್ಲಿ ಹೋದ ಮೇಲೆ ಉಳಿದ ತಿಂಗಳುಗಳ ಹಾಳೆಗಳೆಲ್ಲ ಖಾಲಿ ಬಿದ್ದಿವೆ, ಕಾಗದ ದಂಡವಾಗುವುದನ್ನು ಆತನೂ ಸಹಿಸುತ್ತಿರಲಿಲ್ಲ. ನಿನ್ನೆ ಪೆಟ್ಟಿಗೆಯಿಂದ ಹಳೆಯ ಪಂಚಾಂಗಗಳನ್ನೆಲ್ಲ ತೆಗೆದು ನೋಡಿದೆ. "ಮಳೆ." "ಹಸು ಕರು ಹಾಕಿತು." "ಗಾಳಿ, ಬೇಲಿ ಬಿತ್ತು." ನಮ್ಮ ಮದುವೆಯ ದಿನ "ಬಿಸಿಲು" ಎಂದು ಬರೆದಿದ್ದಾನೆ. ಅಷ್ಟೇ. ಮೂವತ್ತೆಂಟು ವರ್ಷ ಇಂಥವನ ಜೊತೆ ಬಾಳಿದೆ, ಈಗ ಅವನ ಗೊರಕೆಯಿಲ್ಲದೆ ನಿದ್ದೆ ಬರುವುದಿಲ್ಲ.

ಆತ ಮರಣಪತ್ರ ಬರೆಯಲಿಲ್ಲ. ಬರೆಯುತ್ತೇನೆ ಬರೆಯುತ್ತೇನೆ ಎಂದು ಹುಲ್ಲು ಕೊಯ್ಯಲು ಹೋದವನು ಹೊಲದಲ್ಲೇ ಕುಸಿದ. ಹೀಗಾಗಿ ಕಾಯಿದೆಯ ಪ್ರಕಾರ ಈ ಜಮೀನಿನಲ್ಲಿ ಮೂರರಲ್ಲಿ ಒಂದು ಪಾಲು ನನ್ನದು, ಉಳಿದದ್ದು ಮಗ ಲೆನ್‌ಹಾರ್ಟನದು. ಅವನಿಗೆ ಹೊಳೆಯ ದಡದಲ್ಲಿ ಗಿರಣಿ ಕಟ್ಟುವ ಆಸೆ. ಗಿರಣಿಗೆ ದುಡ್ಡು ಹಾಕಿ ಜೊತೆ ಸೇರುವವನು, ಜಮೀನೆಲ್ಲ ಒಬ್ಬರದೇ ಹೆಸರಿನಲ್ಲಿದ್ದರೆ ಮಾತ್ರ ಎಂದಿದ್ದಾನೆ. ನನ್ನ ಪಾಲನ್ನು ಬಿಟ್ಟುಕೊಡುತ್ತೇನೆ ಎಂದೆ. ಮಗನಿಗಲ್ಲದೆ ಇನ್ಯಾರಿಗೆ?

ಅದಕ್ಕೆ ನನ್ನ ತಮ್ಮ ಮೆಲ್ಕಿಯೋರ್ ಕುಣಿದಾಡಿಬಿಟ್ಟ. ಅವನು ನಮ್ಮ ಚರ್ಚಿನ ಶಾಲೆಯ ಮೇಷ್ಟ್ರು, ಊರಿನ ಕಾಗದಪತ್ರ ಬರೆಯುವವನೂ ಅವನೇ.

"ಅಕ್ಕಾ, ಮೀಸಲು ಪತ್ರ ಇಲ್ದೆ ಸಹಿ ಹಾಕಿದ್ರೆ ನೋಡು. ನಮ್ಮೂರು ಟಲ್ಪೆಹಾಕನ್‌ನಲ್ಲಿ ಯಾರು ಹಂಗೆ ಬಿಟ್ಟುಕೊಟ್ಟಿದಾರೆ? ಕೋಣೆ ಯಾವುದು, ಸೌದೆ ಎಷ್ಟು, ಹಸು ಯಾವುದು, ಬದುಕಿರೋವರೆಗೂ ನಿನಗೆ ಏನೇನು ಮೀಸಲು ಅಂತ ಎಲ್ಲಾ ಬರೆಸ್ಕೋ."

"ನನ್ ಹೊಟ್ಟೇಲಿ ಹುಟ್ಟಿದವನ ಹತ್ರ ಸೌದೆಗೆ ಕಾಗದ ತೋರಿಸ್ಬೇಕೇನೋ? ನಿನಗೆ ಮಕ್ಕಳಿಲ್ಲ, ಅದಕ್ಕೆ ಹಿಂಗೆ ಮಾತಾಡ್ತೀಯ" ಎಂದೆ. ಹೇಳಬಾರದಿತ್ತು. ಅವನು ಟೋಪಿ ಹಾಕಿಕೊಂಡು ಹೋದ. ಶನಿವಾರ ಬಂದೇ ಬರುತ್ತಾನೆ, ನಮ್ಮ ಮನೆಯ ಊಟ ಬಿಟ್ಟರೆ ಅವನಿಗೆ ಗತಿ ಇಲ್ಲ.

ಅಕ್ಟೋಬರ್ 20, ಶನಿವಾರ

ಇಡೀ ದಿನ ಸೇಬಿನ ಪಾಕ ಕಾಯಿಸಿದೆವು. ಅಂಗಳದಲ್ಲಿ ತಾಮ್ರದ ಕೊಪ್ಪರಿಗೆ, ನಾನೂ ಸೊಸೆ ಸಿಬಿಲ್ಲಾಳೂ ಸರದಿಯ ಮೇಲೆ ಕೈಯಾಡಿಸುತ್ತಾ ನಿಂತಿದ್ದೆವು, ಮೊಮ್ಮಗಳು ಒಟ್ಟೀಲಿಯಾ ಪಾತ್ರೆಯ ಅಂಚು ನೆಕ್ಕುತ್ತಾ. ಮೆಲ್ಕಿಯೋರ್ ಫಿಲಡೆಲ್ಫಿಯಾದಲ್ಲಿ ಬರೆದ ಹೊಸ ಸಂವಿಧಾನವನ್ನು ನಮ್ಮ ಜರ್ಮನ್ ಭಾಷೆಯ ಪ್ರತಿಯಲ್ಲಿ ತಂದಿದ್ದ. ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದ. ನಮ್ಮ ಪೆನ್ಸಿಲ್ವೇನಿಯಾ ಸೇರಿ ಹದಿಮೂರು ಸಂಸ್ಥಾನಗಳ ಮೇಲೆ ಒಂದು ಒಕ್ಕೂಟದ ಸರ್ಕಾರವಂತೆ. ಒಪ್ಪುವುದೋ ಬಿಡುವುದೋ ಎಂದು ತೀರ್ಮಾನಿಸಲು ಪ್ರತಿ ಸಂಸ್ಥಾನದಲ್ಲೂ ಜನ ಆರಿಸಿದವರ ಮಹಾಸಭೆ ಸೇರಬೇಕಂತೆ.

ಓದಿ ಮುಗಿಸಿ ಕಾಗದವನ್ನು ತೊಡೆಗೆ ಬಡಿದ. "ಜಮೀನಿನ ವ್ಯಾಜ್ಯ ಬಂದ್ರೆ ಹನ್ನೆರಡು ಜನ ನೆರೆಯವರು ಕೂತು ನ್ಯಾಯ ಹೇಳ್ತಾರಲ್ಲ, ಅದು ಇದರಲ್ಲಿ ಎಲ್ಲಿದೆ? ಪತ್ರಿಕೆಯವನ ಬಾಯಿ ಕಟ್ಟಬಾರದು ಅಂತ ಎಲ್ಲಿದೆ? ಅವರವರ ದೇವರನ್ನ ಅವರವರು ಪೂಜಿಸಲಿ ಅಂತ ಎಲ್ಲಿದೆ? ಸರ್ಕಾರ ಏನೇನು ಮಾಡಬಹುದು ಅಂತ ಪುಟಗಟ್ಟಲೆ ಬರೆದಿದಾರೆ. ಮಾಡಬಾರದ್ದು ಬರೆಯೋಕೆ ಮಸಿ ಖಾಲಿಯಾಯ್ತೋ?"

ಲೆನ್‌ಹಾರ್ಟ್ ನಗುತ್ತಿದ್ದ. ಅವನು ಒಕ್ಕೂಟದ ಕಡೆ. "ಮಾವ, ನಾವು ಕೊಟ್ಟಿದ್ದಷ್ಟೇ ಅವರದು. ಕೊಡದೇ ಇರೋದೆಲ್ಲ ನಮ್ಮ ಹತ್ರಾನೇ ಇದೆ. ನಂದೇ ಕೋಟಿನ ಮೇಲೆ 'ಇದು ನನ್ನ ಕೋಟು' ಅಂತ ಯಾಕೆ ಬರ್ಕೊಂಡು ತಿರುಗಲಿ?"

"ಬೇರೆಯವನು ಹಾಕ್ಕೊಂಡು ಹೋದಾಗ ಗೊತ್ತಾಗುತ್ತೆ!"

ನನಗೆ ಮಗನ ಮಾತೇ ಸರಿ ಅನ್ನಿಸಿತು. ನಂಬಿಕೆ ಇಲ್ಲದ ಕಡೆ ಎಷ್ಟು ಬರೆದರೆ ಏನು? ಮೆಲ್ಕಿಯೋರನಿಗೆ ಚಿಕ್ಕಂದಿನಿಂದಲೂ ಅನುಮಾನ, ಮೊಟ್ಟೆಯನ್ನು ಕೂಡ ಅಲ್ಲಾಡಿಸಿ ನೋಡುತ್ತಿದ್ದ.

ಆಗ ಸಿಬಿಲ್ಲಾ ಸೌಟು ಹಿಡಿದೇ ಕೇಳಿದಳು, "ಮೇಷ್ಟ್ರು ಮಾವ, ಆ ಆಣೆ ಮಾತು ಬಂತಲ್ಲ, ಇನ್ನೊಂದ್ಸಲ ಓದ್ತೀರಾ?" ಅಧಿಕಾರದಲ್ಲಿರುವವರು ಆಣೆ ಇಟ್ಟಾದರೂ ಸರಿ, ಆಣೆ ಇಡದೆ ಬರೀ ಮಾತು ಕೊಟ್ಟಾದರೂ ಸರಿ, ಈ ಸಂವಿಧಾನಕ್ಕೆ ಬದ್ಧರಾಗಬೇಕು ಎಂದು ಒಂದು ಸಾಲು ಇತ್ತು. ಅವನು ಓದಿದ. "ಇನ್ನೊಂದ್ಸಲ" ಎಂದಳು. ಅವಳ ತವರಿನವರು ಆಣೆ ಇಡದ ಪಂಥದವರು. ದೇವರ ಹೆಸರು ಹಿಡಿದು ಪ್ರಮಾಣ ಮಾಡುವುದು ಅವರಲ್ಲಿ ಪಾಪ. ನಮ್ಮ ಚರ್ಚಿನ ಹುಡುಗನನ್ನು ಮದುವೆಯಾದಳೆಂದು ಅವರು ಇವಳನ್ನು ಬಿಟ್ಟೇಬಿಟ್ಟರು. ಐದು ವರ್ಷದಲ್ಲಿ ಇವಳ ಬಾಯಿಂದ ಒಟ್ಟಿಗೆ ಇಷ್ಟು ಮಾತು ಬಂದದ್ದು ಇವತ್ತೇ.

"ಇದೊಂದನ್ನ ಬರೆದಿದಾರೆ ಅಂದ್ಮೇಲೆ ಬರೆಯೋಕೆ ಬರುತ್ತೆ ಅವರಿಗೆ. ಮಿಕ್ಕಿದ್ದು ಯಾಕೆ ಬರೀಲಿಲ್ಲ?" ಎಂದಳು. ಮೆಲ್ಕಿಯೋರ್ ಎದ್ದು ನಿಂತು ಅವಳಿಗೆ ಟೋಪಿ ತೆಗೆದು ನಮಸ್ಕರಿಸಿದ, ಹುಚ್ಚ.

ಪಾಕವನ್ನು ಗಡಿಗೆಗೆ ತುಂಬುವಾಗ ಸಿಬಿಲ್ಲಾ ಮೆಲ್ಲಗೆ ನನ್ನ ಕಡೆ ತಿರುಗಿ, "ಅತ್ತೆ, ಆ ಮೀಸಲು ಪತ್ರ ಬರೆಸಿಬಿಡೋಣ" ಎಂದಳು. ಇದಕ್ಕೆ ಈ ಪೀಠಿಕೆಯೋ! ಅತ್ತೆ ಎಷ್ಟು ತಿನ್ನಬೇಕು, ಎಲ್ಲಿ ಕೂರಬೇಕು ಎಂದು ಈಗಲೇ ಗೆರೆ ಹಾಕಿಡಬೇಕು ಇವಳಿಗೆ. ಗಡಿಗೆಯ ಬಾಯಿ ಬಿಗಿದು ಕಟ್ಟಿ ಒಳಗೆ ಹೋದೆ.

ನವೆಂಬರ್ 6, ಮಂಗಳವಾರ

ಮಹಾಸಭೆಗೆ ಪ್ರತಿನಿಧಿಗಳನ್ನು ಆರಿಸುವ ದಿನ. ಮಾವ, ಅಳಿಯ ಒಂದೇ ಗಾಡಿಯಲ್ಲಿ ರೆಡಿಂಗ್‌ಗೆ ಹೋಗಿ ಒಬ್ಬರಿಗೊಬ್ಬರು ವಿರುದ್ಧ ಚೀಟಿ ಹಾಕಿ, ಒಂದೇ ಗಾಡಿಯಲ್ಲಿ ಹಾಡಿಕೊಂಡು ಬಂದರು. "ನಾವಿಬ್ಬರೂ ಮನೇಲೇ ಕೂತಿದ್ರೂ ಲೆಕ್ಕ ಅದೇ ಆಗ್ತಿತ್ತು" ಎಂದು ಲೆನ್‌ಹಾರ್ಟ್. "ಊಟ ತಪ್ತಿತ್ತಲ್ಲೋ" ಎಂದು ಮೆಲ್ಕಿಯೋರ್. ನಮ್ಮ ಜಿಲ್ಲೆಯಿಂದ ಆರಿಸಿ ಹೋದವರೆಲ್ಲ ಮೆಲ್ಕಿಯೋರನ ಕಡೆಯವರೇ. ಅಳಿಯನಿಗೆ ಆ ದುಃಖ ಎರಡು ಲೋಟ ಸೇಬಿನ ಮದ್ಯದಲ್ಲಿ ಕರಗಿತು.

ನಾನು ಇವತ್ತು ದೊಡ್ಡ ಕೋಣೆ ಬಿಟ್ಟು ಹಿಂದಿನ ಚಿಕ್ಕ ಕೋಣೆಗೆ ಬಂದೆ. ಯಾರೂ ಹೇಳಲಿಲ್ಲ, ನಾನೇ ಬಂದೆ. ಅವರಿಗೆ ಇನ್ನೊಂದು ಮಗು ಬರುವುದಿದೆ, ಜಾಗ ಬೇಕು. ಲೆನ್‌ಹಾರ್ಟ್ ಮಂಚ ಹೊತ್ತು ತಂದು, "ಯಾಕಮ್ಮ ಈಗಲೇ?" ಎಂದ. ಈ ಕೋಣೆಗೂ ಒಂದು ಸಣ್ಣ ಕಬ್ಬಿಣದ ಒಲೆ ಇದೆ. ಕಿಟಕಿಯಿಂದ ಸೇಬಿನ ತೋಟ ಕಾಣುತ್ತದೆ. ಚೆನ್ನಾಗಿದೆ.

ನವೆಂಬರ್ 16, ಶುಕ್ರವಾರ

ಹಿತ್ತಲಿನ ಬ್ರೆಡ್ ಒಲೆಯಲ್ಲಿ ನನ್ನದೂ ಎರಡು ರೈ ಬ್ರೆಡ್ ಸುಟ್ಟುಕೊಳ್ಳೋಣ ಎಂದು ಸಿಬಿಲ್ಲಾಳನ್ನು ಕೇಳಿದೆ. ಅವಳದು ತೀರಾ ಉಪ್ಪು ಕಡಿಮೆ, ನನಗೆ ಇಳಿಯುವುದಿಲ್ಲ. "ಅಯ್ಯೋ, ಅದಕ್ಕೇನತ್ತೆ, ಯಾವಾಗ ಬೇಕಾದ್ರೂ ಸುಟ್ಕೊಳ್ಳಿ" ಎಂದಳು. ತನ್ನ ಹಿಟ್ಟನ್ನು ಪಕ್ಕಕ್ಕಿಟ್ಟು ಜಾಗ ಕೊಟ್ಟಳು. ಅವಳ ಹಿಟ್ಟು ಕಾದು ಕಾದು ಹುಳಿಯಾಯಿತು, ಏನೂ ಅನ್ನಲಿಲ್ಲ. ಇನ್ನು ಕೇಳುವುದು ಬೇಡ ಎಂದುಕೊಂಡೆ. ಉಪ್ಪು ಕಡಿಮೆಯಾದರೆ ಏನು, ಈ ವಯಸ್ಸಿಗೆ ಅದೇ ಒಳ್ಳೆಯದು.

ಆ ಒಲೆಯ ಇಟ್ಟಿಗೆ ಜೋಡಿಸುವಾಗ ಮಣ್ಣು ಕಲಸಿ ಕೊಟ್ಟವಳು ನಾನು.

ಈಗೀಗ ಅಡುಗೆಮನೆಗೆ ಹೋಗುವಾಗ ಬಾಗಿಲು ತಟ್ಟಿ ಹೋಗುತ್ತೇನೆ. ಗಂಡ ಹೆಂಡತಿ ಏನಾದರೂ ಮಾತಾಡಿಕೊಳ್ಳುತ್ತಿರುತ್ತಾರೆ. ಮರ್ಯಾದೆ ಅಂತ ಒಂದಿದೆಯಲ್ಲ.

ಡಿಸೆಂಬರ್ 15, ಶನಿವಾರ

ಫಿಲಡೆಲ್ಫಿಯಾದಿಂದ ಸುದ್ದಿ ಬಂತು. ಪೆನ್ಸಿಲ್ವೇನಿಯಾ ಒಪ್ಪಿಬಿಟ್ಟಿತು. ಪರವಾಗಿ ನಲವತ್ತಾರು, ವಿರುದ್ಧ ಇಪ್ಪತ್ತಮೂರು. ಮೆಲ್ಕಿಯೋರ್ ಬೂಟನ್ನೂ ಬಿಚ್ಚದೆ ಒಲೆಯ ಮುಂದೆ ಕೂತ, ಹಿಮ ಕರಗಿ ನೆಲವೆಲ್ಲ ಒದ್ದೆಯಾಯಿತು.

"ಸೋತದ್ದಕ್ಕಲ್ಲ ಅಕ್ಕಾ. ನಮ್ಮವರು ಒಂದು ಪಟ್ಟಿ ಮಾಡ್ಕೊಂಡು ಹೋಗಿದ್ರು, ಇಂಥಿಂಥದನ್ನ ಸೇರಿಸಿ ಅಂತ. ಸೇರಿಸೋದು ಹಾಗಿರ್ಲಿ, ಅದನ್ನ ಸಭೆಯ ಪುಸ್ತಕದಲ್ಲಿ ಬರ್ಕೊಳ್ಳೋಕೂ ಬಿಡಲಿಲ್ಲ. 'ನಮ್ಮನ್ನ ನಂಬಿ' ಅಂದ್ರಂತೆ. ಕೇಳಿದ್ವಿ ಅನ್ನೋದಕ್ಕೂ ಗುರುತಿಲ್ಲ."

ಗೆದ್ದ ಲೆನ್‌ಹಾರ್ಟ್ ಕುಣಿಯುತ್ತಾನೆ ಎಂದುಕೊಂಡಿದ್ದೆ. ಅವನು ಮಾವನ ಬೂಟು ಬಿಚ್ಚಿ ಒಲೆಯ ಪಕ್ಕ ಒಣಗಲು ಇಟ್ಟ, ಬಿಸಿ ಮದ್ಯ ತಂದುಕೊಟ್ಟ. ಎಂಥ ಮಗ ನನ್ನವನು! ಇಂಥವನ ಮುಂದೆ ಕಾಗದ ಹಿಡಿಯಬೇಕಂತೆ.

1788 ಜನವರಿ 8, ಮಂಗಳವಾರ

ಹೊಸ ವರ್ಷದ ಪಂಚಾಂಗವನ್ನು ಮೆಲ್ಕಿಯೋರ್ ತಂದುಕೊಟ್ಟ, ಇನ್ನು ಇದರಲ್ಲೇ ಬರೆಯುತ್ತೇನೆ.

ಲೆನ್‌ಹಾರ್ಟ್ ಗಿರಣಿಯ ತೊಲೆಗಳಿಗೆ ಕಾಡಿಗೆ ಹೋಗಿದ್ದಾನೆ. ಬೆಳಕು ಹರಿಯುವ ಮುಂಚೆ ಹೋಗಿ ಕತ್ತಲಾದ ಮೇಲೆ ಬರುತ್ತಾನೆ, ತಟ್ಟೆಯ ಮುಂದೆಯೇ ತೂಕಡಿಸುತ್ತಾನೆ. ಸಿಬಿಲ್ಲಾಳಿಗೆ ಕಾಲು ಬಾವು, ಮಗುವಿಗೆ ಕೆಮ್ಮು. ನನ್ನ ಕೋಣೆಯ ಸೌದೆ ಮುಗಿದಿದೆ. ಒಡೆಯದ ದಿಮ್ಮಿಗಳು ಹಿಮದಡಿ ಇವೆ. ಇಷ್ಟೆಲ್ಲದರ ನಡುವೆ ನನ್ನದೊಂದು ರಾಗ ಯಾಕೆ?

ಜನವರಿ 9

ಕೇಳಬೇಕೆಂದು ಅಡುಗೆಮನೆಯ ಬಾಗಿಲವರೆಗೆ ಹೋದೆ. ಮಗುವಿಗೆ ಕಷಾಯ ಕುಡಿಸುತ್ತಿದ್ದಳು. "ಏನಾದ್ರೂ ಬೇಕಿತ್ತಾ ಅತ್ತೆ?" ಎಂದಳು. "ಏನಿಲ್ಲ, ಹಿಂಗೇ ಬಂದೆ" ಎಂದೆ.

ನೂಲು ಸುತ್ತುವ ಹಳೆಯ ಮರದ ಮಣೆಯನ್ನು ಮುರಿದು ಒಲೆಗೆ ಹಾಕಿದೆ. ಹೇಗೂ ಅದರ ಕಾಲು ಅಲ್ಲಾಡುತ್ತಿತ್ತು.

ಜನವರಿ 10

ಹಿಮ.

ಜನವರಿ 11

ಗಾಳಿ. ಚಳಿ.

ಜನವರಿ 19, ಶನಿವಾರ

ಜ್ವರದಲ್ಲಿ ಒಂದು ವಾರ ಹೋಯಿತಂತೆ. ನನಗೆ ಎರಡು ದಿನದಷ್ಟೂ ನೆನಪಿಲ್ಲ. ಈಗ ಅಡುಗೆಮನೆಯ ದೊಡ್ಡ ಒಲೆಯ ಪಕ್ಕ ಮಲಗಿಸಿದ್ದಾರೆ, ಕೂತು ಬರೆಯುವಷ್ಟು ಶಕ್ತಿ ಇವತ್ತು ಬಂದಿದೆ.

ನನ್ನನ್ನು ಕಂಡದ್ದು ಸಿಬಿಲ್ಲಾ. ನಾನು ಊಟಕ್ಕೆ ಬರಲಿಲ್ಲವೆಂದು ಬಂದು ನೋಡಿದಾಗ ಮೂರು ಲಂಗ, ಕಾಸ್ಪರನ ಕೋಟು ಎಲ್ಲ ಹಾಕಿಕೊಂಡು ಬಿದ್ದಿದ್ದೆನಂತೆ. ಲೋಟದ ನೀರು ಹೆಪ್ಪುಗಟ್ಟಿತ್ತಂತೆ. ಆ ಭಾರದ ಮೈಯಲ್ಲಿ ನನ್ನನ್ನು ಎತ್ತಿಕೊಂಡೇ ಬಂದಳಂತೆ. ಇಷ್ಟನ್ನೂ ಹೇಳಿದವನು ಲೆನ್‌ಹಾರ್ಟ್, ಮಗುವಿನ ಹಾಗೆ ಅಳುತ್ತಾ. "ಒಂದು ಮಾತು ಕೂಗಬಾರದಿತ್ತಾ ಅಮ್ಮ? ನಾನು ಮರೆತೆ, ಮರೆತೇಬಿಟ್ಟೆ." ಅವನ ತಲೆ ನೇವರಿಸಿದೆ. ಮರೆತದ್ದು ಅವನ ತಪ್ಪೇ? ಎಷ್ಟು ಕೆಲಸ ಅವನಿಗೆ.

ಸಿಬಿಲ್ಲಾ ಅಳಲಿಲ್ಲ. ಬೈದಳು. ನನ್ನನ್ನು! ಗಂಜಿಯ ಬಟ್ಟಲನ್ನು ಕುಕ್ಕಿ, "ಮೂರು ದಿನ! ಗೋಡೆ ಆಚೆ ನಾನಿದ್ದೆ, ಮೂರು ದಿನ! ಬಾಯಿ ಇರಲಿಲ್ವಾ ನಿಮಗೆ?" ಎಂದಳು.

"ಕೇಳೋಕೆ ಒಂಥರಾ ಆಯ್ತು ಕಣೆ. ನಿಮಗೇ ಸಾಕಷ್ಟು..."

"ಅದೇ. ಅದಕ್ಕೇ ಕಾಗದ ಬರೆಸೋಣ ಅಂದಿದ್ದು ನಾನು. ನಿಮ್ಮ ರೊಟ್ಟಿ ಅಳೆಯೋಕಲ್ಲ ಅತ್ತೆ."

ನನ್ನ ಮನಸ್ಸಿನಲ್ಲಿದ್ದದ್ದು ಇವಳಿಗೆ ಹೇಗೆ ಗೊತ್ತಾಯಿತೋ. ಆಮೇಲೆ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದಳು. ರಾಜನ ವಿರುದ್ಧ ಯುದ್ಧ ನಡೆದ ಕಾಲ, ಅವಳಿಗೆ ಹದಿನಾರು. ಹೊಸ ಸರ್ಕಾರಕ್ಕೆ ನಿಷ್ಠೆಯ ಆಣೆ ಇಡುವುದಿಲ್ಲ ಎಂದದ್ದಕ್ಕೆ ಅವಳ ಅಪ್ಪನ ಮನೆಯ ಸಾಮಾನೆಲ್ಲ ಜಪ್ತಿಯಾಯಿತು. ಗೋಡೆಗೆ ಕೂರಿಸಿದ್ದ ಕಬ್ಬಿಣದ ಒಲೆಯನ್ನೂ ಕಿತ್ತುಕೊಂಡು ಹೋದರಂತೆ. ಗೋಡೆಯಲ್ಲಿ ಉಳಿದ ತೂತಿಗೆ ಅವಳ ಅಮ್ಮ ಹಾಸಿಗೆ ತುರುಕಿದಳಂತೆ.

"ಎಂಥ ಪಾಪಿಗಳು!" ಎಂದೆ.

"ಪಾಪಿಗಳಲ್ಲ ಅತ್ತೆ, ಪಕ್ಕದ ಮನೆಯವರು. ನಮ್ ಜೊತೆ ಊಟ ಮಾಡಿದವರು. 'ನಿಮ್ಮನ್ನ ಯಾರು ಮುಟ್ತಾರೆ, ನಾವಿಲ್ವಾ' ಅಂತ ವರ್ಷಗಟ್ಟಲೆ ಹೇಳಿದವರು. ಅವರಲ್ಲೊಬ್ಬ ನನಗೆ ತೊಟ್ಟಿಲು ಮಾಡಿಕೊಟ್ಟೋನು. ಅಳ್ತಾ ಅಳ್ತಾ ಒಲೆಯ ಒಂದು ತುದಿ ಹಿಡ್ಕೊಂಡು ಹೋದ. ಕೆಟ್ಟವರಿಗೆ ಹೆದರಿ ಬರೆಸಿ ಅಂತಲ್ಲ ನಾನು ಹೇಳೋದು. ನಿಮ್ಮ ಮಗ ಒಳ್ಳೇವರು, ನಾನೂ ಕೆಟ್ಟವಳಲ್ಲ. ಆದ್ರೂ ನಿಮ್ಮ ಲೋಟದಲ್ಲಿ ನೀರು ಹೆಪ್ಪುಗಟ್ಟಿತಲ್ಲ."

ನಾನು ಗಂಜಿ ಕುಡಿದೆ. ಉಪ್ಪು ಕಡಿಮೆಯಾಗಿತ್ತು, ಹೇಳಿದೆ. ಎದ್ದು ಹಾಕಿಕೊಟ್ಟಳು.

ಫೆಬ್ರವರಿ 2, ಶನಿವಾರ

ಮನೆಯಲ್ಲಿ ಮುನಿಸು. ಮೀಸಲು ಪತ್ರ ಬರೆಸುತ್ತೇವೆಂದು ಸಿಬಿಲ್ಲಾ ಹೇಳಿದ ದಿನದಿಂದ ಲೆನ್‌ಹಾರ್ಟ್ ಮಾತು ನಿಲ್ಲಿಸಿದ್ದಾನೆ. ಮಾತಿನ ಬದಲು ಸೌದೆ ಒಡೆಯುತ್ತಾನೆ. ನನ್ನ ಕೋಣೆಯ ಗೋಡೆಗೆ ಒಟ್ಟಿ ಒಟ್ಟಿ ಕಿಟಕಿಯನ್ನು ಮುಚ್ಚಿಬಿಟ್ಟಿದ್ದಾನೆ. ನಿನ್ನೆ ಕೊಡಲಿ ಹಿಡಿದು ಬಾಗಿಲಲ್ಲಿ ನಿಂತು, "ಸಾಕಾ?" ಎಂದ.

"ಸಾಕು ಕಣಪ್ಪ, ಬೆಳಕೇ ಬರ್ತಿಲ್ಲ."

"ಒಂದು ಸಲ ಮರೆತದ್ದಕ್ಕೆ ಜನ್ಮವಿಡೀ ಕಾಗದ. ಇವನ ತಾಯಿಗೇ ಇವನ ಮೇಲೆ ನಂಬಿಕೆ ಇಲ್ಲ ಅಂತ ಊರೆಲ್ಲ ಆಡ್ಕೊಳ್ಳುತ್ತೆ."

"ಊರೆಲ್ಲ ಬರೆಸಿರೋದೇ ಕಣೋ."

"ಅವರ ಮಕ್ಕಳು ಅಂಥವರು!" ಎಂದವನೇ ಹೋದ.

ಇವತ್ತು ಮೆಲ್ಕಿಯೋರ್ ಬಂದಾಗ ಇನ್ನೊಂದು ಜಗಳ. ಲೆನ್‌ಹಾರ್ಟ್ ಹೇಳುವುದು, ಅಮ್ಮ ಮೊದಲು ಜಮೀನು ಬಿಟ್ಟುಕೊಡಲಿ, ನನ್ನ ಮೇಲೆ ನಂಬಿಕೆ ಇದೆಯೆಂದು ಗೊತ್ತಾಗಲಿ, ಆಮೇಲೆ ಕಾಗದದ ಮಾತು ನೋಡೋಣ. ಮೆಲ್ಕಿಯೋರ್ ಹೇಳುವುದು, ಮೊದಲು ಕಾಗದ, ಆಮೇಲೆ ಜಮೀನು, ಕೈಯಿಂದ ಜಾರಿದ ಮೇಲೆ ಯಾರು ಬರೆದುಕೊಡುತ್ತಾರೆ? ಇದು ಮನೆಯ ಮಾತೋ, ಫಿಲಡೆಲ್ಫಿಯಾದ ಮಾತೋ ತಿಳಿಯದೆ ನಾನೂ ಸಿಬಿಲ್ಲಾಳೂ ಮುಖ ನೋಡಿಕೊಂಡೆವು. ಅವಳಿಗೆ ನಗು ಬಂತು. ಬಾಯಿಗೆ ಏಪ್ರನ್ ಒತ್ತಿಕೊಂಡು ಹೊರಗೆ ಓಡಿದಳು. ಇವಳು ನಗುವುದನ್ನು ನಾನು ಮೊದಲು ನೋಡಿದ್ದು ಯಾವಾಗ?

ಮಗನ ಮುಖ ನೋಡಿದರೆ ಕರುಳು ಚುರ್ ಎನ್ನುತ್ತದೆ. ಬೇಡ, ಕಾಗದವೇ ಬೇಡ ಎಂದುಬಿಡಲೇ ಎಂದು ಇವತ್ತೇ ನಾಲ್ಕು ಸಲ ಅನ್ನಿಸಿತು. ನಾಲ್ಕು ಸಲವೂ ಆ ಅಡುಗೆಮನೆ ಬಾಗಿಲು ನೆನಪಾಯಿತು. "ಏನಿಲ್ಲ, ಹಿಂಗೇ ಬಂದೆ" ಎಂದು ಹಲ್ಲು ಕಿರಿದು ನಿಂತಿದ್ದೆನಲ್ಲ, ಆ ಮುದುಕಿ ನನಗೆ ಹಿಡಿಸುವುದಿಲ್ಲ.

ಫೆಬ್ರವರಿ 20, ಬುಧವಾರ

ಮೆಲ್ಕಿಯೋರ್ ಶಾಲೆಗೆ ಬೀಗ ಹಾಕಿ ಮಧ್ಯಾಹ್ನವೇ ಓಡಿ ಬಂದ. ಮ್ಯಾಸಚೂಸೆಟ್ಸ್‌ನವರು ಬಾಸ್ಟನ್ನಿನಲ್ಲಿ ಸೇರಿ ಒಪ್ಪಿದರಂತೆ. ಅದರಲ್ಲಿ ಕುಣಿಯುವುದೇನಿದೆ ನಿನಗೆ ಎಂದೆ. "ಪೂರ್ತಿ ಕೇಳು ಅಕ್ಕಾ! ಹೂಂ ಅಂದಿದಾರೆ. ಆದ್ರೆ ಹೂಂ ಅಂದ ಕಾಗದದಲ್ಲೇ ಇಂಥಿಂಥದನ್ನ ಸೇರಿಸಲೇಬೇಕು ಅಂತ ಪಟ್ಟಿ ಬರೆದು ಕಳಿಸಿದಾರೆ. ನಮ್ಮವರ ಪಟ್ಟೀನ ಪುಸ್ತಕಕ್ಕೂ ಸೇರಿಸಲಿಲ್ಲ. ಅವರದು ಸಭೆಯ ನಿರ್ಣಯದಲ್ಲೇ ಕೂತಿದೆ!"

"ಸೇರಿಸ್ತಾರೆ ಅಂತ ಏನು ಖಾತ್ರಿ?" ಎಂದು ಲೆನ್‌ಹಾರ್ಟ್. ಎರಡು ವಾರದಲ್ಲಿ ಅವನ ಬಾಯಿಂದ ಬಂದ ಮೊದಲ ಉದ್ದ ಮಾತು.

"ಖಾತ್ರಿ ಇಲ್ಲ. ಆದ್ರೆ ಕೇಳಿದೀವಿ ಅನ್ನೋದು ಬರವಣಿಗೇಲಿ ಇದೆ. ಇನ್ಮೇಲೆ ಕಾಡೋಕೆ ಬರುತ್ತೆ."

ನಾನು ಹೆಣಿಗೆ ಕೆಳಗಿಟ್ಟೆ. "ಹಂಗಾದ್ರೆ ನಾವೂ ಹಂಗೇ ಮಾಡೋಣ. ಒಂದೇ ದಿನ, ಒಂದೇ ಮೇಜು. ನಾನು ಮೊದಲು ಜಮೀನಿಗೆ ಸಹಿ ಹಾಕ್ತೀನಿ. ಆಮೇಲೆ ಇವನು ಪತ್ರಕ್ಕೆ ಹಾಕಲಿ. ಹಾಕದೇ ಇದ್ರೆ ನನ್ನ ಹಣೆಬರಹ."

ಮೆಲ್ಕಿಯೋರ್ ತಲೆ ಚಚ್ಚಿಕೊಂಡ. ಲೆನ್‌ಹಾರ್ಟ್ ನನ್ನನ್ನೇ ನೋಡುತ್ತಿದ್ದ.

ಫೆಬ್ರವರಿ 26, ಮಂಗಳವಾರ

ಆಯಿತು. ಹೇಗಾಯಿತೆಂದು ಬಿಡದೆ ಬರೆದಿಡುತ್ತೇನೆ.

ನ್ಯಾಯಾಧಿಕಾರಿ ಬಂದರು, ಸಾಕ್ಷಿಗೆ ಇಬ್ಬರು ನೆರೆಯವರು. ಮೆಲ್ಕಿಯೋರ್ ಮೊದಲು ಜಮೀನಿನ ಪತ್ರ ಓದಿದ. ನಾನು ಸಹಿ ಹಾಕಿದೆ. ಅಲ್ಲಿಗೆ ಈ ಮನೆಯಲ್ಲಿ ನನ್ನದು ಎನ್ನುವುದು ಏನೂ ಉಳಿಯಲಿಲ್ಲ.

ಆಮೇಲೆ ಮೀಸಲು ಪತ್ರ ಓದಿದ. ತಾಯಿ ಬದುಕಿರುವವರೆಗೂ ಹಿಂದಿನ ಕೋಣೆ ಅವಳದು. ಅಡುಗೆಮನೆಯ ಒಲೆಯ ಪಕ್ಕ ಕೂರುವ ಜಾಗ ಅವಳದು, ಬಾಗಿಲು ತಟ್ಟಬೇಕಾಗಿಲ್ಲ. ಸೌದೆಯನ್ನು ಒಡೆದು ಅವಳ ಬಾಗಿಲಿಗೆ ತಂದುಹಾಕಬೇಕು, ತಪ್ಪಿದರೆ ಕೇಳುವುದು ಅವಳ ಹಕ್ಕು. ಕಪ್ಪು ಹಸುವಿನ ಹಾಲು. ಭಾನುವಾರ ಚರ್ಚಿಗೆ ಗಾಡಿಯಲ್ಲಿ ಜಾಗ. ಅವಳೇ ಆರಿಸಿದ ಮೂರು ಸೇಬಿನ ಮರ. ಬ್ರೆಡ್ ಒಲೆ ಗುರುವಾರ ಸೊಸೆಗೆ, ಶುಕ್ರವಾರ ಅತ್ತೆಗೆ.

ಲೆನ್‌ಹಾರ್ಟ್ ಪತ್ರ ತೆಗೆದುಕೊಂಡು ತಾನೇ ಇನ್ನೊಮ್ಮೆ ಓದಿದ. ಲೇಖನಿ ಹಿಡಿದ. ಕೆಳಗಿಟ್ಟ. ಕೋಟನ್ನೂ ಹಾಕಿಕೊಳ್ಳದೆ ಬಾಗಿಲು ತೆಗೆದು ಹಿಮದಲ್ಲಿ ನಡೆದುಹೋದ.

ನ್ಯಾಯಾಧಿಕಾರಿ ಕೆಮ್ಮಿದರು. "ಮೊದಲೇ ಹೇಳಿದ್ದೆ ನಾನು, ಮೊದಲೇ ಹೇಳಿದ್ದೆ" ಎಂದು ಮೆಲ್ಕಿಯೋರ್ ಮೂಗಿನಲ್ಲೇ ಅಳತೊಡಗಿದ. ಸಿಬಿಲ್ಲಾ ನನ್ನ ಹಿಂದೆ ಬಂದು ಹೆಗಲ ಮೇಲೆ ಕೈಯಿಟ್ಟು ನಿಂತಳು. ಹಿಟ್ಟಿನ ಕೈ, ಕರಿ ಬಟ್ಟೆಯ ಮೇಲೆ ಐದು ಬೆರಳೂ ಮೂಡಿದವು. ನಾನು ಒಣಗುತ್ತಿದ್ದ ನನ್ನ ಸಹಿಯನ್ನು ನೋಡುತ್ತಾ ಕೂತಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ.

ಬಂದ. ಮೊಣಕಾಲಿನವರೆಗೂ ಹಿಮ. ಮೂಗಿನ ತುದಿ ಕೆಂಪಗಾಗಿತ್ತು.

"ಮಾವ, ಪತ್ರದಲ್ಲಿ ಆ ಮೂರನೇ ಮರ ಹೊಡೆದು ಹಾಕಿ. ಈಗ ಹೋಗಿ ಬಡಿದು ನೋಡಿದೆ, ಒಳಗೆಲ್ಲ ಟೊಳ್ಳು. ಎರಡು ವರ್ಷವೂ ಬರಲ್ಲ. ಬಾವಿ ಪಕ್ಕದ್ದು ಬರೀರಿ, ಅದು ಗಟ್ಟಿ."

"ಅದು ನಿನಗೆ ಇಷ್ಟದ ಮರ ಅಲ್ವೇನೋ?" ಎಂದೆ.

"ಬರೆಯೋದಾದ್ರೆ ಸರಿಯಾಗಿ ಬರೀಬೇಕಮ್ಮ. ಟೊಳ್ಳು ಮರ ಬರ್ಕೊಂಡು ಏನು ಮಾಡ್ತೀಯ?" ಎಂದವನೇ ಲೇಖನಿ ಅದ್ದಿದ. ಮತ್ತೆ ತಡೆದು, "ಇನ್ನೊಂದು ಬಿಟ್ಟುಹೋಗಿದೆ. ಅಮ್ಮ ನನ್ನನ್ನ ಬೈಯೋ ಹಕ್ಕು ಎಲ್ಲೂ ಬರೆದಿಲ್ಲ" ಎಂದ.

ಮೆಲ್ಕಿಯೋರ್ ಕಣ್ಣು ಒರೆಸಿಕೊಂಡು, "ಅದು ಬೇಡಪ್ಪ. ಅದನ್ನ ಅವಳು ಯಾರಿಗೂ ಬಿಟ್ಟುಕೊಟ್ಟಿಲ್ಲ. ಬರೆಯದೇ ಇರೋದೂ ಕೆಲವು ಉಳೀತವೆ, ನೀನೇ ಹೇಳ್ತಿದ್ಯಲ್ಲ" ಎಂದ. ನ್ಯಾಯಾಧಿಕಾರಿಯೂ ನಕ್ಕರು. ಲೆನ್‌ಹಾರ್ಟ್ ಸಹಿ ಹಾಕಿದ.

ಎಲ್ಲ ಏಳುವಾಗ ನಾನು ಕೂರಿ ಎಂದೆ. ಕೊನೆಗೆ ಒಂದು ಸಾಲು ಸೇರಿಸಬೇಕು. ಲೆನ್‌ಹಾರ್ಟನಿಗೆ ಮೊದಲು ಏನಾದರೂ ಆಗಿ ಜಮೀನು ಮುಂದಿನವರ ಕೈಗೆ ಹೋದರೆ, ಇದರಲ್ಲಿರುವುದೆಲ್ಲ ಸಿಬಿಲ್ಲಾಳಿಗೂ ಸಲ್ಲಬೇಕು.

"ನನಗ್ಯಾಕೆ ಅತ್ತೆ?" ಎಂದಳು.

"ನೀನೂ ಒಂದಿನ ಈ ಕೋಣೆಗೆ ಬರ್ತೀಯ ಕಣೆ. ಆಗ ಗೋಡೆ ಆಚೆ ಯಾರಿರ್ತಾರೋ."

ಮೆಲ್ಕಿಯೋರ್ ಬರೆದ. ಲೆನ್‌ಹಾರ್ಟ್ ಅದರ ಪಕ್ಕದಲ್ಲೂ ಸಹಿ ಹಾಕಿದ. ಸಿಬಿಲ್ಲಾ ಒಳಗೆ ಹೋಗಿ ಬಹಳ ಹೊತ್ತು ಹಿಟ್ಟು ನಾದಿದಳು, ಇವತ್ತು ಬ್ರೆಡ್ ಸುಡುವ ದಿನವೂ ಅಲ್ಲ.

ಫೆಬ್ರವರಿ 28, ಗುರುವಾರ

ಬಿಸಿಲು ಬಂದಿದೆ. ಬೆಳಿಗ್ಗೆ ಸೌದೆ ಕಡಿಮೆಯಾಗಿತ್ತು. ಮಂಚದಿಂದಲೇ, "ಲೆನ್‌ಹಾರ್ಟ್, ಸೌದೆ!" ಎಂದು ಕೂಗಿದೆ. "ಬಂದೆ ಬಂದೆ, ಕಾಗದ ತರಬೇಡ" ಎಂದು ಬೈದುಕೊಂಡೇ ತಂದುಹಾಕಿದ.

ಹಿಟ್ಟು ಚೆನ್ನಾಗಿ ಉಬ್ಬಿತ್ತು. ಬಿಸಿಲೂ ಇದೆ, ನನ್ನ ಎರಡು ಬ್ರೆಡ್ ಇವತ್ತೇ ಸುಟ್ಟುಬಿಡೋಣ ಎಂದು ಮಣೆ ಹೊತ್ತು ಅಡುಗೆಮನೆಯ ಮೂಲಕ ಹಿತ್ತಲಿಗೆ ಹೋದೆ. ಸಿಬಿಲ್ಲಾ ಒಲೆಯ ಬಾಯಿಗೆ ಅಡ್ಡ ನಿಂತಳು, ಸೊಂಟಕ್ಕೆ ಕೈ ಕೊಟ್ಟುಕೊಂಡು, ಆ ಹೊಟ್ಟೆಯನ್ನೂ ಮುಂದೆ ಮಾಡಿಕೊಂಡು.

"ಇವತ್ತು ಯಾವ ವಾರ ಅತ್ತೆ?"

"ಗುರುವಾರ. ಎರಡೇ ಎರಡು ಕಣೆ, ಮೂಲೇಲಿ ಇಟ್ಕೋತೀನಿ."

"ಗುರುವಾರ ನಂದು. ಹೋದ್ಸಲ ನನ್ನ ಹಿಟ್ಟು ಹುಳಿಯಾಯ್ತು. ನಾಳೆ ಬನ್ನಿ."

"ಏನೇ, ಅತ್ತೆಗೇ ಇಲ್ಲ ಅಂತೀಯಾ?"

"ಹೂಂ. ಇಲ್ಲ ಅಂತೀನಿ. ಕಾಗದ ತರ್ಲಾ?"

ಎಷ್ಟು ಕೊಬ್ಬು! ನೆಂಟರಿಗೆ ಯಾರಾದರೂ ಹೀಗೆ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನುತ್ತಾರೆಯೇ? ಮಣೆ ಹೊತ್ತು ವಾಪಸು ಬಂದು, ಬಾಗಿಲು ತಟ್ಟದೆ ಅಡುಗೆಮನೆಗೆ ನುಗ್ಗಿ, ಒಲೆಯ ಪಕ್ಕ ನನ್ನ ಜಾಗದಲ್ಲಿ ಕೂತು, ಅವಳಿಗೆ ಕೇ‍ಳುವಷ್ಟು ಗಟ್ಟಿಯಾಗಿ ಅವಳ ಬ್ರೆಡ್ಡಿನ ಉಪ್ಪಿನ ಬಗ್ಗೆ ಒಟ್ಟೀಲಿಯಾಳ ಹತ್ತಿರ ಮಾತಾಡಿದೆ. ಅವಳೂ ಹಿತ್ತಲಿನಿಂದಲೇ ಉತ್ತರ ಕೊಟ್ಟಳು. ಮಧ್ಯಾಹ್ನದವರೆಗೂ ಬಿಡಲಿಲ್ಲ ನಾವಿಬ್ಬರೂ. ಹೊಟ್ಟೆ ತುಂಬ ಊಟ ಮಾಡಿದೆ, ಕೂತಲ್ಲೇ ಕಣ್ಣು ಹತ್ತಿತು.

ಹಿಟ್ಟಿಗೆ ಒದ್ದೆ ಬಟ್ಟೆ ಮುಚ್ಚಿ ತಣ್ಣಗಿನ ಕಡೆ ಇಟ್ಟಿದ್ದೇನೆ. ನಾಳೆ ಶುಕ್ರವಾರ. ಒಲೆ ನನ್ನದು.